ಮಡ್ಡಿ ಎಣ್ಣೆ ಕುಡಿದ ಕಾರು

2006ರ ಯುಗಾದಿಗೆ ನಾನು ಒಂದು ಡೀಸೆಲ್ ಕಾರು ಕೊಂಡೆ. ಅದೇ ವರ್ಷ ದಸರಾ ಹೊತ್ತಿಗೆ ಅದರ ಟ್ಯಾಂಕಿಗೆ ನಮ್ಮ ಮಿಲ್ಲಿನ ಮಡ್ಡಿ ಎಣ್ಣೆ ಬೆರೆಸಿ ಹಾಕುವುದಕ್ಕೆ ಶುರು ಮಾಡಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳಬೇಕಾದ ಹೊತ್ತಿನಲ್ಲಿ ಹೇಳದೆ ಹೋದದ್ದರಿಂದಲೇ ಇಷ್ಟೆಲ್ಲ ಆದದ್ದು.

ಚಳ್ಳಕೆರೆಯಲ್ಲಿ ನಮ್ಮದು ಶೇಂಗಾ ಎಣ್ಣೆ ಮಿಲ್ಲು. ಶೇಂಗಾ ಅರೆದು ಬಂದ ಎಣ್ಣೆಯನ್ನು ತೊಟ್ಟಿಯಲ್ಲಿ ಬಿಟ್ಟರೆ ತಳದಲ್ಲಿ ಮಡ್ಡಿ ಕೂರುತ್ತದೆ. ಆ ಮಡ್ಡಿಯ ಜೊತೆ ಸಿಕ್ಕಿಕೊಂಡ ಎಣ್ಣೆ ಅಡುಗೆಗೆ ಆಗುವುದಿಲ್ಲ, ಸೋಪು ಮಾಡುವವರು ಬಂದರೆ ಒಯ್ಯುತ್ತಾರೆ, ಇಲ್ಲದಿದ್ದರೆ ಡ್ರಮ್ಮಿನಲ್ಲೇ ಬಿದ್ದಿರುತ್ತದೆ. ನಮ್ಮ ತಂದೆ ಅದನ್ನು ಬಟ್ಟೆಯಲ್ಲಿ ಸೋಸಿ ಮಿಲ್ಲಿನ ಹಳೇ ಡೀಸೆಲ್ ಇಂಜಿನ್ನಿಗೆ ಬೆರೆಸಿ ಹಾಕುತ್ತಿದ್ದರು. ಆ ಇಂಜಿನ್ ಮೂವತ್ತು ವರ್ಷ ತಕರಾರಿಲ್ಲದೆ ಓಡಿತು. ತಂದೆಯ ಇಂಜಿನ್ ಕುಡಿದದ್ದನ್ನು ನನ್ನ ಕಾರು ಯಾಕೆ ಕುಡಿಯಬಾರದು ಅನ್ನುವುದು ನನ್ನ ತರ್ಕ. ಮಿಲ್ಲಿನವರ ಜಾಯಮಾನವೇ ಅದು, ಏನಾದರೂ ವ್ಯರ್ಥವಾಗುತ್ತಿದೆ ಎಂದರೆ ನಮಗೆ ಊಟ ಸೇರುವುದಿಲ್ಲ. ಎಣ್ಣೆಯ ಕ್ಯಾನು ಡಿಕ್ಕಿಯಲ್ಲೇ ಇರುತ್ತಿತ್ತು. "ಡಿಕ್ಕಿ ತೆಗೆದ್ರೆ ಬೋಂಡಾ ಅಂಗಡಿ ಬಾಗ್ಲು ತೆಗೆದಂಗೆ ಆಗ್ತೈತೆ ನೋಡ್ರಿ" ಎಂದು ನನ್ನ ಹೆಂಡತಿ ಗಿರಿಜಾ ನಗುತ್ತಿದ್ದಳು.

ಕಾರು ಓಡುತ್ತಿತ್ತು. ಆದರೆ ಲಾರಿ ಹಿಂದೆ ಹಾಕಬೇಕೆಂದರೆ ಸೋಮಾರಿತನ ಮಾಡುತ್ತಿತ್ತು. ಅದಕ್ಕೇ ದಸ್ತಗೀರ್ ಸಾಬರ ಹತ್ತಿರ ಹೋದದ್ದು.

ದಸ್ತಗೀರ್ ಸಾಬರು ಬಳ್ಳಾರಿ ರಸ್ತೆಯಲ್ಲಿ ಶೆಡ್ಡು ಇಟ್ಟುಕೊಂಡಿದ್ದ ಮೆಕ್ಯಾನಿಕ್. ಆಗ ಅವರಿಗೆ ಐವತ್ತು ದಾಟಿತ್ತು, ಓದಿದ್ದು ನಾಲ್ಕನೇ ಕ್ಲಾಸು. ಆ ವಯಸ್ಸಿನಲ್ಲಿ ಅವರು ತಮ್ಮ ಗ್ಯಾಸ್ ವೆಲ್ಡಿಂಗ್ ಸೆಟ್ಟು ಮಾರಿ, ಕೊಯಮತ್ತೂರಿಗೆ ಹೋಗಿ ಇಪ್ಪತ್ತು ದಿನ ಇದ್ದು, ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪು, ಒಂದು ವೈರು ತಂದಿದ್ದರು. ಇಂಜಿನ್ನಿಗೆ ಯಾವ ಹೊತ್ತಿನಲ್ಲಿ ಎಷ್ಟು ಡೀಸೆಲ್ ಕೊಡಬೇಕು, ಎಷ್ಟು ಗಾಳಿ ಕೊಡಬೇಕು ಅನ್ನುವ ಲೆಕ್ಕ ಕಾರಿನೊಳಗಿನ ಒಂದು ಚಿಕ್ಕ ಡಬ್ಬಿಯಲ್ಲಿರುತ್ತದಂತೆ. ಆ ಲೆಕ್ಕವನ್ನು ತಿದ್ದುವುದಕ್ಕೆ ರೀಮ್ಯಾಪ್ ಎನ್ನುತ್ತಾರೆ. ಹಾಗೆ ತಿದ್ದಿದರೆ ಗಾಡಿ ಚುರುಕಾಗುತ್ತದೆ, ಮೈಲೇಜೂ ಬರುತ್ತದೆ. ಊರಿನವರು ನಂಬಲಿಲ್ಲ. "ಸಾಬ್ರು ಸ್ಪ್ಯಾನರ್ ಬಿಟ್ಟು ಟೈಪಿಂಗ್ ಕಲಿತವ್ರೆ" ಎಂದು ಆಡಿಕೊಳ್ಳುತ್ತಿದ್ದರು. ಹಾಗಾಗಿ ಅವರ ಲ್ಯಾಪ್‌ಟಾಪಿಗೆ ಸಿಕ್ಕ ಮೊದಲ ಕಾರು ನನ್ನದೇ.

"ಕಂಪ್ನಿಯೋರು ಎಲ್ಲಾ ಊರಿಗೂ ಒಂದೇ ಅಳತೇಲಿ ಅಂಗಿ ಹೊಲೀತಾರೆ ಸಾವ್ಕಾರ್ರೆ. ನಾನು ನಿಮ್ಮ ಮೈ ನೋಡಿ ಹೊಲೀತೀನಿ" ಎಂದರು.

ಅವರದು ಒಂದು ಪದ್ಧತಿ ಇತ್ತು. ಗಾಡಿ ಮುಟ್ಟುವ ಮೊದಲು ಮಾಲೀಕನನ್ನು ಶೆಡ್ಡಿನ ಮೂಲೆಯಲ್ಲಿದ್ದ ಹಳೇ ಬಸ್ಸಿನ ಸೀಟಿನ ಮೇಲೆ ಕೂರಿಸಿ, ಟೀ ಕೊಟ್ಟು, ಪ್ರಶ್ನೆ ಕೇಳುತ್ತಿದ್ದರು. ಯಾರು ಓಡಿಸುತ್ತಾರೆ, ಎಷ್ಟು ಜನ ಕೂರುತ್ತಾರೆ, ಯಾವ ಬಂಕಿನ ಡೀಸೆಲ್, ಏಸಿ ಹಾಕುವುದುಂಟಾ, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬಲದಿಂದ ಎಡಕ್ಕೆ ಉರ್ದುವಿನಲ್ಲಿ ಬರೆದುಕೊಳ್ಳುತ್ತಿದ್ದರು. ಕೊನೆಗೆ ಪೆನ್ನು ಎತ್ತಿ ಹಿಡಿದು ನನ್ನನ್ನು ಕೇಳಿದರು:

"ಡೀಸೆಲ್ ಬಿಟ್ಟು ಬೇರೆ ಏನಾರ ಹಾಕ್ತೀರಾ? ಸೀಮೆಎಣ್ಣೆ ಗೀಮೆಎಣ್ಣೆ? ಡಾಕ್ಟ್ರ ಹತ್ರ ಮುಚ್ಚಿಡಬಾರ್ದು ಅಂತಾರಲ್ಲ, ಹಂಗೇ ನನ್ ಹತ್ರಾನೂ ಮುಚ್ಚಿಡಬೇಡ್ರಿ."

"ಛೇ ಛೇ, ಒಂದು ತೊಟ್ಟೂ ಇಲ್ಲ" ಎಂದೆ. ಶೆಡ್ಡಿಗೆ ಹೊರಡುವ ಮೊದಲೇ ಕ್ಯಾನನ್ನು ಡಿಕ್ಕಿಯಿಂದ ತೆಗೆದಿಟ್ಟು ಬಂದಿದ್ದೆ. ಮಿಲ್ಲಿನ ಸಾವ್ಕಾರ ಕಾರಿಗೆ ಮಡ್ಡಿ ಎಣ್ಣೆ ಹಾಕುತ್ತಾನೆ ಎಂದರೆ ಜನ ಜಿಪುಣ ಎನ್ನುತ್ತಾರಲ್ಲ ಅನ್ನುವುದಷ್ಟೇ ನನ್ನ ತಲೆಯಲ್ಲಿದ್ದದ್ದು. ಸಾಬರು ನನ್ನ ಉತ್ತರವನ್ನೂ ಬರೆದುಕೊಂಡರು. ಹೊಸ ಫಿಲ್ಟರ್ ಹಾಕಿದರು. ಆಮೇಲೆ ಸ್ಟೀರಿಂಗಿನ ಕೆಳಗೆ ವೈರು ಚುಚ್ಚಿ, ಕನ್ನಡಕ ಏರಿಸಿಕೊಂಡು ಎರಡು ಗಂಟೆ ಕೂತರು. ಕಂಪನಿಯ ಹಳೇ ಲೆಕ್ಕವನ್ನು ಲ್ಯಾಪ್‌ಟಾಪಿನಲ್ಲಿ ಜೋಪಾನವಾಗಿ ಇಟ್ಟುಕೊಂಡು ಹೊಸದನ್ನು ತುಂಬಿದರು. "ಇಂಗ್ಲಿಷ್ ಬರಲ್ಲ ಸಾವ್ಕಾರ್ರೆ, ನಂಬರ್ ಬರ್ತೈತೆ. ಇಂಜಿನ್ನಿಗೆ ಅಷ್ಟು ಸಾಕು" ಎಂದರು.

ಕಾರು ನಿಜಕ್ಕೂ ಬದಲಾಯಿತು. ಕಾಲಿಟ್ಟರೆ ಸಾಕು, ಲಾರಿಗಳು ಹಿಂದೆ ಉಳಿಯುತ್ತಿದ್ದವು. ಲೀಟರಿಗೆ ಎರಡು ಕಿಲೋಮೀಟರ್ ಹೆಚ್ಚು ಬರತೊಡಗಿತು. ನಾನು ಆಗ ಮಾಡಿದ ಕೆಲಸವನ್ನು ನೆನೆದರೆ ನನಗೇ ನಗು ಬರುತ್ತದೆ. ಇಷ್ಟು ಗಟ್ಟಿಮುಟ್ಟಾದ ಕಾರು ಇನ್ನೂ ಎರಡು ಲೀಟರ್ ಅರಗಿಸಿಕೊಳ್ಳುತ್ತದೆ ಎಂದುಕೊಂಡು ಮಡ್ಡಿ ಎಣ್ಣೆ ಜಾಸ್ತಿ ಮಾಡಿದೆ.

ಹದಿನೈದು ದಿನ ಕಳೆದಿರಬೇಕು. 2007ರ ಜನವರಿ. ದಸ್ತಗೀರ್ ಸಾಬರು ಮಿಲ್ಲಿಗೆ ಬಂದರು. ಮೊಳಕಾಲ್ಮೂರಿನಲ್ಲಿ ನಾಗಭೂಷಣಪ್ಪ ಎಂಬ ರೇಷ್ಮೆ ಸೀರೆ ವ್ಯಾಪಾರಿ, ಅವರಿಗೆ ಸೀರೆ ಸಾಗಿಸುವ ನಾಲ್ಕು ಗಾಡಿಗಳಿದ್ದವು. ನನ್ನ ಕಾರಿನ ಸುದ್ದಿ ಕೇಳಿ, ಓಡಿಸಿ ತೋರಿಸಿದರೆ ತಮ್ಮ ಗಾಡಿಗಳಿಗೂ ಮಾಡಿಸುತ್ತೇನೆ ಎಂದಿದ್ದರಂತೆ.

"ಅವ್ರು ಒಪ್ಪಿದ್ರೆ ಮೊಳಕಾಲ್ಮೂರಿನ ಅಷ್ಟೂ ಗಾಡಿ ನನ್ ಶೆಡ್ಡಿಗೆ ಬರ್ತಾವೆ. ಒಪ್ಪಲಿಲ್ಲ ಅಂದ್ರೆ ಈ ಲ್ಯಾಪ್‌ಟಾಪ್ ಪೆಟ್ಟಿಗೆ ಮಾರಿ ಮತ್ತೆ ವೆಲ್ಡಿಂಗ್ ಸೆಟ್ ತರಬೇಕು. ನಿಮ್ ಕಾರು ಒಂದ್ ದಿನ ಬೇಕಿತ್ತು" ಎಂದರು. ಕೇಳುವಾಗ ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ನಾನೇ ಓಡಿಸಿಕೊಂಡು ಬರುತ್ತೇನೆ ಎಂದೆ. ದೊಡ್ಡ ಉಪಕಾರ ಮಾಡುತ್ತಿದ್ದೇನೆ ಅನ್ನುವ ಜಂಬ ನನಗಿತ್ತು. ಹಿಂದಿನ ದಿನ ಸಂಜೆ, ದೂರದ ದಾರಿ ಎಂದು ಐದು ಲೀಟರ್ ಮಡ್ಡಿ ಎಣ್ಣೆ ಸುರಿದು ಇಟ್ಟೆ.

ಬೆಳಿಗ್ಗೆ ಚಳಿ ಇತ್ತು. ಕಾರು ಎರಡು ಮೂರು ಸಲ ಕೆಮ್ಮಿ ಸ್ಟಾರ್ಟ್ ಆಯಿತು. ದಸ್ತಗೀರ್ ಸಾಬರು ಕಿವಿ ಓರೆ ಮಾಡಿ ಕೇಳಿ, "ಏನೋ ಗೊಣಗ್ತೈತಲ್ಲ?" ಎಂದರು. "ಚಳಿಗೆ" ಎಂದೆ. ತಳಕು, ಹಿರೇಹಳ್ಳಿ, ಬಿ.ಜಿ.ಕೆರೆ ದಾಟುವವರೆಗೆ ನಿಧಾನವಾಗಿಯೇ ಬಂದೆವು, ಏನೂ ಆಗಲಿಲ್ಲ. ಮೊಳಕಾಲ್ಮೂರಿನಲ್ಲಿ ನಾಗಭೂಷಣಪ್ಪ ಬಿಳಿ ಪಂಚೆ ಉಟ್ಟು ಅಂಗಡಿ ಮುಂದೆ ಕಾಯುತ್ತಿದ್ದರು. ಮುಂದಿನ ಸೀಟಿನಲ್ಲಿ ಕೂತು, "ರಾಯದುರ್ಗದ ರೋಡಿಗೆ ಬಿಡ್ರಿ. ಅಲ್ಲೊಂದು ಏರು ಐತೆ, ನೋಡೇಬಿಡೋಣ" ಎಂದರು. ದಸ್ತಗೀರ್ ಸಾಬರು ಹಿಂದಿನ ಸೀಟಿನಲ್ಲಿ ಲ್ಯಾಪ್‌ಟಾಪಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಏರು ಬಂತು. "ಒತ್ರಿ ಒತ್ರಿ" ಎಂದರು ನಾಗಭೂಷಣಪ್ಪ. ಒತ್ತಿದೆ. ಕಾರು ಒಂದು ಸಲ ಮುಂದಕ್ಕೆ ಚಿಮ್ಮಿ, ಜಗ್ಗಿ, ಮತ್ತೆ ಜಗ್ಗಿತು. ಮೀಟರಿನಲ್ಲಿ ಹಳದಿ ದೀಪ ಹತ್ತಿಕೊಂಡಿತು. ಅರ್ಧ ಏರಿನಲ್ಲಿ ಇಂಜಿನ್ ನಿಂತೇಹೋಯಿತು. ಹ್ಯಾಂಡ್ ಬ್ರೇಕ್ ಎಳೆದು ಕೂತೆ. ನಾವು ಆಗ ತಾನೇ ಹಿಂದೆ ಹಾಕಿ ಬಂದಿದ್ದ ಕುರಿಮಂದೆಯೊಂದು ನಿಧಾನವಾಗಿ ಬಂದು, ಕಾರಿನ ಎರಡೂ ಬದಿಯಿಂದ ಹಾದು, ನಮ್ಮನ್ನು ದಾಟಿ ಮೇಲಕ್ಕೆ ಹೋಯಿತು.

"ಏಮಯ್ಯಾ ಸಾಬು, ನಿನ್ ಕಂಪ್ಯೂಟರಿಗಿಂತ ಕುರಿನೇ ವಾಸಿ ಕದಾ!" ಎಂದು ತೆಲುಗು ಬೆರೆಸಿ ಅಂದರು ನಾಗಭೂಷಣಪ್ಪ.

ದಸ್ತಗೀರ್ ಸಾಬರು ಇಳಿದು ಬಾನೆಟ್ ಎತ್ತಿದರು. ನಾನೂ ಇಳಿದು ಪಕ್ಕದಲ್ಲಿ ನಿಂತೆ. ಅವರು ಫಿಲ್ಟರ್ ಬಿಚ್ಚಿ ಅಂಗೈಗೆ ಬಗ್ಗಿಸಿಕೊಂಡರು. ಹಳದಿ ಬಣ್ಣದ, ಲೋಳೆಯಂಥ ಗಸಿ. ಅಂಗೈಯನ್ನು ಮೂಗಿನ ಹತ್ತಿರ ಹಿಡಿದರು. ಒಂದು ಕ್ಷಣ ನನ್ನ ಮುಖ ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ, ನಾನು ಹೆಗಲನ್ನೂ ಮುಟ್ಟಿಕೊಳ್ಳದೆ ಎದುರಿಗಿದ್ದ ಬಂಡೆಗುಡ್ಡ ನೋಡುತ್ತ ನಿಂತೆ.

"ಏನಾಯ್ತು?" ನಾಗಭೂಷಣಪ್ಪ ಸೀಟಿನಿಂದಲೇ ಕೂಗಿದರು.

ದಸ್ತಗೀರ್ ಸಾಬರು ಕೈಯಲ್ಲಿದ್ದದ್ದನ್ನು ರಸ್ತೆ ಬದಿಯ ಮಣ್ಣಿಗೆ ಒರೆಸಿ, ಕಾಲಿನಿಂದ ಮಣ್ಣು ಮುಚ್ಚಿದರು. "ನನ್ ಲೆಕ್ಕ ತಪ್ಪೈತೆ ಸ್ವಾಮಿ. ಗಾಡೀದು ಏನೂ ತಪ್ಪಿಲ್ಲ" ಎಂದರು.

ನಾನು ಅಲ್ಲೇ ಇದ್ದೆ, ಅವರ ಪಕ್ಕದಲ್ಲೇ. ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಬಾಯಿಗೆ ಬೀಗ ಹಾಕಿಕೊಂಡು ನಿಂತೆ. ನಾಗಭೂಷಣಪ್ಪ ಪಂಚೆ ಕೊಡವಿಕೊಂಡು ಇಳಿದು, "ಲೆಕ್ಕ ಬರದಿದ್ರೆ ಗಾಡಿ ಯಾಕ್ ಮುಟ್ತೀಯಪ್ಪಾ" ಎಂದು ಹೇಳಿ, ಎದುರಿಂದ ಬಂದ ಬಸ್ಸಿಗೆ ಕೈ ಅಡ್ಡ ಹಾಕಿ ಹತ್ತಿ ಹೋದರು.

ದಸ್ತಗೀರ್ ಸಾಬರು ಚೀಲದಲ್ಲಿದ್ದ ಇನ್ನೊಂದು ಫಿಲ್ಟರ್ ಹಾಕಿದರು. ಆಮೇಲೆ ಲ್ಯಾಪ್‌ಟಾಪು ತೆಗೆದು, ತಾವು ಬರೆದ ಹೊಸ ಲೆಕ್ಕವನ್ನು ಅಳಿಸಿ, ಕಂಪನಿಯ ಹಳೇ ಲೆಕ್ಕವನ್ನೇ ತುಂಬಿದರು. ಕಾರು ಸ್ಟಾರ್ಟ್ ಆಯಿತು. ವಾಪಸ್ಸು ಬರುವಾಗ ತಳಕಿನಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ, ಅವರು ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ನಿಮ್ ಮಿಲ್ಲಿನ ಎಣ್ಣೆ ವಾಸ್ನೆ ನಂಗೆ ಗೊತ್ತಿಲ್ವಾ ಸಾವ್ಕಾರ್ರೆ? ಇಪ್ಪತ್ತು ವರ್ಷದಿಂದ ನಮ್ಮನೇಲಿ ಅದೇ ಎಣ್ಣೇಲಿ ಅಡುಗೆ" ಎಂದರು.

ನಾನು ತಲೆ ತಗ್ಗಿಸಿದೆ.

"ಮೊನ್ನೆ ಕಾರಾಗೆ ವಾಸ್ನೆ ಬಂದಾಗ ಮಿಲ್ಲಿನೋರ ಗಾಡಿ, ಇರ್ತೈತೆ ಅನ್ಕಂಡೆ. ಹಳೇ ಲೆಕ್ಕದಾಗೆ ಗುಟುಕು ಗುಟುಕು ಕುಡೀತಿತ್ತು, ಹೆಂಗೋ ತಡ್ಕಂತು. ನಾನು ಜಾಸ್ತಿ ಕುಡಿ ಅಂದೆ. ನೀವು ಗಂಜಿ ಕೊಟ್ರಿ. ಗಂಟಲು ಕಟ್ಕಂತು."

"ಅಲ್ಲೇ ಹೇಳಬಹುದಿತ್ತಲ್ಲ ಸಾಬ್ರೆ" ಎಂದೆ. ಎಂಥ ಮಾತು! ಹೇಳಬೇಕಾದವನು ನಾನು.

"ನಾಗಭೂಷಣಪ್ಪೋರ ಮನೆಗೆ ಯಾವ ಮಿಲ್ಲಿನ ಎಣ್ಣೆ ಹೋಗ್ತೈತೆ?"

"ನಮ್ಮದೇ."

"ಮತ್ತೆ? ಆ ಮಡ್ಡಿ ನೋಡಿದ್ರೆ ಅಡುಗೆ ಎಣ್ಣೆ ಡಬ್ಬಿಗೂ ಇದನ್ನೇ ತುಂಬ್ತಾರೆ ಅಂದ್ಕಂತಿದ್ರು. ನಂದು ಹೋದ್ರೆ ಒಂದ್ ಮನೆ. ನಿಮ್ ಮಿಲ್ಲಾಗೆ ಹದಿನೆಂಟು ಜನ ಅವ್ರೆ. ನನ್ ತಂಗಿ ಗಂಡಾನೂ ಅಲ್ಲೇ ಅವ್ನೆ." ಇಷ್ಟು ಹೇಳಿ ಟೀ ಮುಗಿಸಿ ಕಾರಿನಲ್ಲಿ ಹೋಗಿ ಕೂತರು.

ಅವತ್ತಿನಿಂದ ಕಾರಿಗೆ ಎಣ್ಣೆ ಹಾಕುವುದನ್ನು ಬಿಟ್ಟೆ. ಆದರೆ ಮೊಳಕಾಲ್ಮೂರಿಗೆ ಹೋಗಿ ನಿಜ ಹೇಳಬೇಕು ಅನ್ನುವುದನ್ನು ಮಾತ್ರ ನಾಳೆ ನಾಡಿದ್ದು ಎಂದು ಮುಂದೂಡುತ್ತ ಬಂದೆ. ಶೇಂಗಾ ಖರೀದಿ ಇದೆ ಎಂದೆ, ಮದುವೆ ಇದೆ ಎಂದೆ. ಗಿರಿಜಾಗೆ ವಿಷಯ ಗೊತ್ತಾದಾಗ ಅವಳು ಜಗಳವನ್ನೇನೂ ಮಾಡಲಿಲ್ಲ. "ಸಾಬ್ರ ಮನೇಲಿ ನಮ್ ಎಣ್ಣೆ ನಂಬಿ ತಿಂತಾರೆ, ನಮ್ ಮಾತು ನಂಬಿದ್ದಕ್ಕೆ ಹಿಂಗಾಯ್ತು" ಎಂದಳು. ಮಾರನೇ ದಿನ ಬಸ್ಸು ಹತ್ತಿದೆ. ಕಾರಿನಲ್ಲಿ ಹೋಗುವುದಕ್ಕೆ ಮುಖವಿರಲಿಲ್ಲ.

ನಾಗಭೂಷಣಪ್ಪ ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುತ್ತಿದ್ದರು. ಗಿರಾಕಿಗಳೆಲ್ಲ ಹೋಗುವವರೆಗೆ ಕಾದು, ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಅವರು ಮೊದಲು ಜೋರಾಗಿ ನಕ್ಕರು. ಆಮೇಲೆ ನಗು ನಿಲ್ಲಿಸಿ, "ಅಂದ್ರೆ ನಮ್ ಮನೆ ಡಬ್ಬೀಗೂ..." ಎಂದರು. ದಸ್ತಗೀರ್ ಸಾಬರು ಅಂದಂತೆಯೇ! ದೇವರಾಣೆ ಇಲ್ಲ, ಡಬ್ಬಿಗೆ ಹೋಗುವುದು ತಿಳಿ ಎಣ್ಣೆ ಮಾತ್ರ ಎಂದು ಆಣೆ ಇಟ್ಟೆ. "ಆಗ್ಲಿ ಬಿಡ್ರಿ. ಆದ್ರೆ ನಮ್ ಗಾಡಿಗಳಿಗೆ ಹೋದ ವಾರಾನೇ ಬೆಂಗ್ಳೂರಾಗೆ ಮಾಡಿಸ್ಬಿಟ್ಟೆ. ನೀವು ಅವತ್ತೇ ಹೇಳಿದ್ರೆ ಆಗ್ತಿತ್ತು" ಎಂದರು. ಮುಂದಿನ ತಿಂಗಳಿಂದ ಅವರ ಮನೆಯವರು ನಮ್ಮ ಎಣ್ಣೆ ತರಿಸುವುದನ್ನು ನಿಲ್ಲಿಸಿದರು.

ವಾಪಸ್ಸು ಬಂದು ದಸ್ತಗೀರ್ ಸಾಬರಿಗೆ ಹೇಳಿದಾಗ ಅವರಿಗೆ ಸಿಟ್ಟು ಬಂತು. ಏರಿನಲ್ಲಿ ಮರ್ಯಾದೆ ಹೋದಾಗ ಬಾರದ ಸಿಟ್ಟು. "ಯಾಕ್ ಹೋದ್ರಿ? ನಾನು ಕಳ್ಕಂಡಿದ್ದು ಸಾಲ್ದು ಅಂತ ನೀವೊಂದು ಕಳ್ಕಂಡು ಬಂದ್ರಾ?" ಎಂದು ಬೈದು, ಕೈಯಲ್ಲಿದ್ದ ಸ್ಪ್ಯಾನರನ್ನು ಹತಾರದ ಡಬ್ಬಿಗೆ ಎಸೆದರು. ಆಮೇಲೆ ಟೀ ತರಿಸಿದರು.

ಅವರು ಲ್ಯಾಪ್‌ಟಾಪು ಮಾರಲಿಲ್ಲ. ಅದು ಎರಡು ವರ್ಷ ಹೆಚ್ಚುಕಮ್ಮಿ ಬಟ್ಟೆಯಲ್ಲಿ ಸುತ್ತಿಕೊಂಡೇ ಇತ್ತು. ಆಮೇಲೆ ಒಂದೊಂದೇ ಗಾಡಿ ಬರತೊಡಗಿತು, ಈಗ ಶೆಡ್ಡಿನ ಮುಂದೆ ಸಾಲು ನಿಲ್ಲುತ್ತದೆ. ಆ ಎರಡು ವರ್ಷವನ್ನು ನಾನು ಅವರಿಂದ ಕಿತ್ತುಕೊಂಡೆ. ಬೇರೆ ಹೇಗೆ ಯೋಚಿಸಿದರೂ ಲೆಕ್ಕ ಅಲ್ಲಿಗೇ ಬಂದು ನಿಲ್ಲುತ್ತದೆ, ನೋವಾಗುತ್ತದೆ.

ನಾನು ಈಗಲೂ ಕಾರನ್ನು ಅವರ ಹತ್ತಿರವೇ ಬಿಡುತ್ತೇನೆ. ಅದೇ ಹಳೇ ಬಸ್ಸಿನ ಸೀಟು, ಅದೇ ಟೀ. ಹೊಸಬರು ಬಂದರೆ ಸಾಬರು ಪೆನ್ನು ಎತ್ತಿ ಹಿಡಿದು, "ಡೀಸೆಲ್ ಬಿಟ್ಟು ಬೇರೆ ಏನಾರ ಹಾಕ್ತೀರಾ?" ಎಂದು ಕೇಳುವುದು ಕೇಳಿಸುತ್ತದೆ. ಬಂದವರು ಹೇಳಿದ್ದನ್ನು ನಂಬಿ ಬರೆದುಕೊಳ್ಳುತ್ತಾರೆ. ನನ್ನನ್ನು ಮಾತ್ರ ಆ ಪ್ರಶ್ನೆ ಮತ್ತೆ ಕೇಳಿಲ್ಲ. ನಗುನಗುತ್ತಲೇ ಮಾತಾಡಿಸುತ್ತಾರೆ, ಮನೆಯವರನ್ನು ವಿಚಾರಿಸುತ್ತಾರೆ. ಆಮೇಲೆ ಕಾರಿನ ಹಿಂದಕ್ಕೆ ಹೋಗಿ, ಟ್ಯಾಂಕಿನ ಮುಚ್ಚಳ ತಿರುಗಿಸಿ ತೆಗೆದು, ಬಗ್ಗಿ ಮೂಸಿ ನೋಡುತ್ತಾರೆ.