ದುಬಲಗುಂಡಿ ಮೇಲಿನ ಎರಡನೇ ದಾರಿ

ಕಳೆದ ಜುಲೈ ತಿಂಗಳ ಒಂದು ಗುರುವಾರ, ಮಧ್ಯಾಹ್ನ ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ, ಬಸವಕಲ್ಯಾಣ ಮತ್ತು ಹುಮನಾಬಾದ್ ನಡುವಿನ ನಮ್ಮ ಇಂಟರ್ನೆಟ್ ಲೈನ್ ಕಡಿದುಹೋಯಿತು. ಆ ದಿನದ ಪತ್ರಿಕೆಯ ನಾಲ್ಕು ಪುಟಗಳಲ್ಲಿ ಎರಡು ಅಚ್ಚಿಗೆ ಹೋಗಿದ್ದವು, ಎರಡು ಉಳಿದಿದ್ದವು. ಉಳಿದವನ್ನು ಪೆನ್‌ಡ್ರೈವ್‌ಗೆ ಹಾಕಿ ಹುಮನಾಬಾದ್ ಬಸ್ಸಿನ ಕಂಡಕ್ಟರರ ಕೈಗೆ ಕೊಟ್ಟೆವು. ಪತ್ರಿಕೆಯ ಕಟ್ಟುಗಳಿಗೆ ಎರಡು ಗಂಟೆಯ ಬಸ್ಸುಗಳು ಸಿಗಲಿಲ್ಲ. ಚಿಟಗುಪ್ಪದ ಓದುಗರಿಗೆ ಆ ದಿನದ ಸಂಜೆ ಪತ್ರಿಕೆ ಮರುದಿನ ಬೆಳಿಗ್ಗೆ ಮುಟ್ಟಿತು.

ನಮ್ಮದು ಸಣ್ಣ ಸಂಜೆ ಪತ್ರಿಕೆ. ಸುದ್ದಿ ಬರೆಯುವುದು, ಪುಟ ಕಟ್ಟುವುದು ಕಲ್ಯಾಣದಲ್ಲಿ; ಅಚ್ಚಾಗುವುದು ಹುಮನಾಬಾದಿನಲ್ಲಿ. ಡೆಸ್ಕಿನಲ್ಲಿ ನಾವು ಇಬ್ಬರೇ. ನಾನು ಸುದ್ದಿ ತಿದ್ದುತ್ತೇನೆ, ಇನ್ನೊಬ್ಬರು ಪುಟ ಕಟ್ಟುತ್ತಾರೆ. ಅವರು ಹೆರಿಗೆ ರಜೆ ಮುಗಿಸಿ ಮರಳಿ ಆಗ ಎರಡು ತಿಂಗಳಾಗಿತ್ತು. ಮನೆ ಎರಡು ಓಣಿ ಆಚೆ. ಹತ್ತೂವರೆಗೆ ಒಮ್ಮೆ, ಹನ್ನೆರಡರ ಸುಮಾರಿಗೆ ಒಮ್ಮೆ ಎದ್ದು ಹೋಗಿ ಕೂಸಿಗೆ ಹಾಲು ಕುಡಿಸಿ ಬರುತ್ತಿದ್ದರು. ಹದಿನೈದು ನಿಮಿಷದ ಮೇಲೆ ಒಂದು ನಿಮಿಷ ತೆಗೆದುಕೊಂಡದ್ದನ್ನು ನಾನು ಕಂಡಿಲ್ಲ.

ಶುಕ್ರವಾರ ಬೆಳಿಗ್ಗೆ ಮಾಲೀಕರು ಫೋನ್ ಮಾಡಿದರು.

"ಇನ್ನೊಂದು ಸಲ ಬಸ್ ತಪ್ಪಿತಂದ್ರ ಕಲ್ಯಾಣದ ಡೆಸ್ಕ್ ಬಂದ್ ಮಾಡ್ತೀನ್ರಿ. ಎಲ್ಲಾ ಹುಮನಾಬಾದಿನಾಗೇ ಆಗ್ಲಿ. ನೀವೂ ಬರ್ರಿ, ಆ ಪುಟ ಕಟ್ಟೋ ಬಾಯಿನೂ ಬರ್ಲಿ."

ಸ್ಪೀಕರ್ ಹಾಕಿದ್ದೆ. ಪುಟ ಕಟ್ಟುವವರು ಪರದೆಯಿಂದ ಮುಖ ಎತ್ತದೆ, "ನಾ ಹ್ಯಾಂಗ ಬರ್ಲಿ? ಕೂಸಿನ್ನ ಬಸ್ಸಿನ ಟಾಪಿನ ಮ್ಯಾಲ ಕೂಡಿಸ್ಲೇನು?" ಎಂದರು. ಮಾಲೀಕರಿಗೆ ಅದು ಕೇಳಿಸಿತೋ ಇಲ್ಲವೋ, ಫೋನ್ ಇಟ್ಟರು.

ನಮಗೆ ಎರಡನೇ ದಾರಿ ಇರಲಿಲ್ಲ ಎಂದಲ್ಲ. ದುಬಲಗುಂಡಿಯಲ್ಲಿ ನಮ್ಮ ಏಜೆಂಟ್ ಒಬ್ಬರಿದ್ದಾರೆ. ಕಿರಾಣಿ ಅಂಗಡಿ, ವಯಸ್ಸು ಅರವತ್ತರ ಮೇಲೆ, ಎಲ್ಲರಿಗೂ ಕಾಕಾ. ಅವರ ಅಂಗಡಿಗೆ ಕಲ್ಯಾಣದಿಂದ ಬೇರೆ ಕೇಬಲ್ ಬರುತ್ತದೆ. ಅಂಗಡಿಯ ಮಾಳಿಗೆಯ ಮೇಲೊಂದು ಡಿಶ್ ಇದೆ, ಅದರ ಮುಖ ಹುಮನಾಬಾದಿನ ನಮ್ಮ ಅಚ್ಚುಮನೆಯ ಮಾಳಿಗೆಯ ಕಡೆಗೆ. ಮೂರೂ ಊರಿನಲ್ಲಿ ಒಂದೊಂದು ರೂಟರ್. ಆದರೆ ಪುಟ ಯಾವ ದಾರಿಯಲ್ಲಿ ಹೋಗಬೇಕು ಎಂಬುದನ್ನು ಪ್ರತಿಯೊಂದು ರೂಟರಿನಲ್ಲಿ ಕೈಯಾರೆ ಬರೆದಿಟ್ಟಿತ್ತು. ಕಲ್ಯಾಣದಿಂದ ನೇರ ಹುಮನಾಬಾದಿಗೆ ಹೋಗುವ ದೊಡ್ಡ ಲೈನ್ ಹೋದಾಗ ನಾನು ಇಲ್ಲಿ ಒಂದು ಸಾಲು ಅಳಿಸಿ ಇನ್ನೊಂದು ಸಾಲು ಬರೆಯಬೇಕು, ಹುಮನಾಬಾದಿನ ಫೋರ್‌ಮನ್ ಅಲ್ಲಿ ಅದನ್ನೇ ಮಾಡಬೇಕು. ಉಳಿದ ದಿನಗಳಲ್ಲಿ ಡಿಶ್ಶಿನ ವೈರು ಕಾಕಾರ ಅಂಗಡಿಯ ಇಂಟರ್ನೆಟ್ ಡಬ್ಬಿಯಲ್ಲಿರುತ್ತಿತ್ತು. ನಾನು ಫೋನ್ ಮಾಡಿದ ಕೂಡಲೇ ಅವರು ಅದನ್ನು ಕಿತ್ತು ನಮ್ಮ ರೂಟರಿಗೆ ಚುಚ್ಚುತ್ತಿದ್ದರು. ಎರಡು ವರ್ಷ ಇದು ಹೀಗೇ ನಡೆದಿತ್ತು. ಆ ಗುರುವಾರ ಕಾಕಾ ಹೊಲಕ್ಕೆ ಹೋಗಿದ್ದರು, ಫೋನ್ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲಿತ್ತು. ಲೈನ್ ಹೋದಾಗ ಮೊಬೈಲ್ ಟವರಿನ ಇಂಟರ್ನೆಟ್ಟೂ ಅದರ ಜೊತೆಗೇ ಹೋಗುತ್ತಿದ್ದುದರಿಂದ ಮೊಬೈಲಿನಲ್ಲಿ ಮಾತು ಹೋಗುತ್ತಿತ್ತು, ಪುಟ ಹೋಗುತ್ತಿರಲಿಲ್ಲ.

ಶನಿವಾರ ನೆಟ್‌ವರ್ಕ್ ಕೆಲಸ ಮಾಡುವವರನ್ನು ಕರೆಸಿದೆ. ಕಲ್ಯಾಣದವರೇ, ಕೋಟೆಯ ಹತ್ತಿರ ಅವರ ಮನೆ. ನಮ್ಮ ರೂಟರುಗಳನ್ನು ನೋಡಿ ಅವರು ಮೊದಲು ನಕ್ಕರು.

"ಅರೆ ಸಾಬ್, ರೂಟರ್ ಮೂರು ಅವ, ಕೆಲ್ಸ ಮಾಡೋರು ಮೂರು ಮಂದಿ. ಹಂಗಾದ್ರ ರೂಟರ್ ಯಾಕ ಬೇಕು?"

"ಮತ್ತ ಏನ್ ಮಾಡ್ಬೇಕ್ರಿ?" ಎಂದು ಪುಟ ಕಟ್ಟುವವರು ಕೇಳಿದರು.

"ಅವು ಮಾತಾಡ್ಬೇಕು, ಅಕ್ಕಾ. ಹುಮನಾಬಾದ್ ಸ್ಟ್ಯಾಂಡಿನಾಗ ಕಂಡಕ್ಟರ್‌ಗಳು ಎದುರಾದ್ರ ಏನ್ ಕೇಳ್ತಾರ? ಆ ಕಡಿ ರಸ್ತಾ ಚಾಲೂ ಅದೇನು ಅಂತಾರ. ಇವೂ ಹತ್ತತ್ತು ಸೆಕೆಂಡಿಗೆ ಒಂದ್ ಸಲ ಬಾಜೂದವರಿಗೆ ಸಲಾಂ ಹೊಡೀತಾವ. ನಲ್ವತ್ತು ಸೆಕೆಂಡ್ ಸಲಾಂ ಬರ್ಲಿಲ್ಲಂದ್ರ ಆ ದಾರಿ ಬಂದ್ ಅಂತ ತಾವೇ ತಿಳ್ಕೊಂಡು ಬ್ಯಾರೆ ದಾರಿ ಹಿಡೀತಾವ. ನೀವು ಕೈ ಹಚ್ಚೋದು ಬ್ಯಾಡ."

ಅವರು ಶನಿವಾರ ಮಧ್ಯಾಹ್ನ ದುಬಲಗುಂಡಿಗೆ ಹೋಗಿ ಡಿಶ್ಶಿನ ವೈರನ್ನು ಕಾಯಂ ಆಗಿ ನಮ್ಮ ರೂಟರಿಗೆ ಹಾಕಿದರು. ಕಾಕಾ ಬೀಗರ ಊರಿಗೆ ಹೋಗಿದ್ದರು. ಅಂಗಡಿಯಲ್ಲಿ ಅವರ ಹೆಂಡತಿ ಇದ್ದರು. ವೈರಿನ ಜಾಗ ಬದಲಾಗಿದೆ ಎಂದು ಅವರಿಗೆ ಹೇಳಿ ಬಂದರು. ಭಾನುವಾರ ಪತ್ರಿಕೆಗೆ ರಜೆ. ಆ ದಿನ ಕೈಯಾರೆ ಬರೆದ ಸಾಲುಗಳನ್ನೆಲ್ಲ ಅಳಿಸಿ, ಮೂರೂ ರೂಟರುಗಳು ಪರಸ್ಪರ ತಮ್ಮ ದಾರಿಗಳನ್ನು ಹೇಳಿಕೊಳ್ಳುವಂತೆ ಬರೆದರು. ಹುಮನಾಬಾದಿನ ರೂಟರ್ ಒಂದು ತಾಸು ಯಾರನ್ನೂ ನೆರೆಯವರೆಂದು ಒಪ್ಪಲಿಲ್ಲ. ಅದರ ಸಲಾಮಿನ ಅಂತರ ಹತ್ತರ ಬದಲು ಮೂವತ್ತು ಸೆಕೆಂಡ್ ಆಗಿತ್ತು. ಅದನ್ನು ಸರಿ ಮಾಡಿದ ಮೇಲೆ ಮೂರರ ಹೆಸರೂ ಪರದೆಯ ಮೇಲೆ ಬಂದವು. ದೊಡ್ಡ ಲೈನಿನ ವೈರನ್ನು ನಾನೇ ಕಿತ್ತೆ. ಗಡಿಯಾರ ನೋಡುತ್ತ ನಿಂತೆವು. ನಲವತ್ತೊಂದನೇ ಸೆಕೆಂಡಿಗೆ ಹಳೆಯ ಪುಟವೊಂದು ದುಬಲಗುಂಡಿ ಮೇಲೆ ಹಾದು ಹುಮನಾಬಾದ್ ಮುಟ್ಟಿತು.

ಅದಾದ ಮೇಲಿನ ದಿನಗಳು ನೆಮ್ಮದಿಯಾಗಿ ಕಳೆಯಬೇಕಿತ್ತು. ಕಳೆಯಲಿಲ್ಲ. ಲೈನ್ ಸರಿಯಾಗೇ ಇತ್ತು, ಹಾಗಾಗಿ ನಾವು ಮಾಡಿದ್ದು ನಿಜವಾದ ಹೊತ್ತಿನಲ್ಲಿ ನಿಲ್ಲುತ್ತದೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಶೀರ್ಷಿಕೆ ತಿದ್ದುವಾಗ ಎರಡು ಸಲ ಎದ್ದು ರೂಟರಿನ ಹಸಿರು ದೀಪ ನೋಡಿ ಬರುತ್ತಿದ್ದೆ. ಪುಟ ಕಟ್ಟುವವರು ಹನ್ನೆರಡಕ್ಕೆ ಮನೆಗೆ ಹೋಗುವುದನ್ನು ಹನ್ನೊಂದೂವರೆಗೆ ತಂದರು; ಎರಡು ದಿನ ಹೋಗಲೇ ಇಲ್ಲ. ಮೂರನೇ ದಿನ ಅವರ ಅತ್ತೆ ಕೂಸನ್ನೇ ಎತ್ತಿಕೊಂಡು ಆಫೀಸಿಗೆ ಬಂದರು.

"ಲೈನ್ ಲೈನ್ ಅಂತ ಕೂಸಿನ್ನ ಉಪಾಸ ಹಾಕಾಕತ್ತಾಳ್ರಿ. ಆ ಡಬ್ಬಿಗಿ ಒಂದ್ ತೊಟ್ಲಾ ಕಟ್ರಿ, ಅದನ್ನೇ ತೂಗ್ತಾ ಕೂಡ್ತಾಳ" ಎಂದು ನನ್ನ ಮುಂದೆಯೇ ಸೊಸೆಯನ್ನು ಚುಚ್ಚಿದರು.

ಮುಂದಿನ ವಾರದ ಶುಕ್ರವಾರ ಹನ್ನೆರಡು ಹದಿಮೂರಕ್ಕೆ ಹಸಿರು ದೀಪ ಆರಿತು. ಹುಮನಾಬಾದ್ ರಸ್ತೆಯಲ್ಲಿ ಪೈಪಿಗಾಗಿ ಅಗೆಯುತ್ತಿದ್ದವರು ಕೇಬಲ್ ಕಡಿದಿದ್ದರು ಎಂದು ಆಮೇಲೆ ಗೊತ್ತಾಯಿತು. ಮೂರನೇ ಪುಟ ಅರ್ಧ ಹೋಗಿ ನಿಂತಿತು. ಮತ್ತೆ ಹೋಗತೊಡಗಿತು. ಪುಟ ಕಟ್ಟುವವರು ನನ್ನ ಕಡೆ ನೋಡಿದರು. ಒಂದು ನಿಮಿಷ ಕಳೆದಿರಬಹುದು, ಪುಟ ಮತ್ತೆ ನಿಂತಿತು. ಈ ಸಲ ಮುಂದೆ ಹೋಗಲೇ ಇಲ್ಲ. ಕಂಡಕ್ಟರರ ಕೈಗೆ ಪೆನ್‌ಡ್ರೈವ್, ಎರಡು ಗಂಟೆಯ ಬಸ್ಸುಗಳು ಖಾಲಿ, ಎಲ್ಲ ಮೊದಲಿನಂತೆಯೇ ಆಯಿತು.

ಸಂಜೆ ಮಾಲೀಕರ ಫೋನ್ ಬಂತು. "ಸೋಮವಾರ ಟೆಂಪೋ ಕಳಸ್ತೀನಿ. ಕಂಪ್ಯೂಟರ್ ಕಟ್ಟಿ ಇಡ್ರಿ." ನಾನು ಹೂಂ ಎಂದೆ. ಪುಟ ಕಟ್ಟುವವರು ಡ್ರಾವರಿನಿಂದ ತಮ್ಮ ಬಾಚಣಿಗೆ, ಸೂಜಿ ದಾರ, ಕೂಸಿನ ಒಂದು ಟೊಪ್ಪಿಗೆ ತೆಗೆದು ಚೀಲಕ್ಕೆ ಹಾಕಿಕೊಂಡರು. "ಸೋಮವಾರ ನಾ ಬರೋದಿಲ್ರಿ. ಹುಮನಾಬಾದಿಗೂ ಬರೋದಿಲ್ಲ" ಎಂದು ಹೇಳಿ ಹೋದರು.

ಶನಿವಾರ ಬೆಳಿಗ್ಗೆ ನೆಟ್‌ವರ್ಕಿನವರು ಬಂದು ರೂಟರಿನ ದಾಖಲೆ ತೆರೆದರು. ಪ್ರತಿ ಘಟನೆಯ ಹೊತ್ತು ಅದರಲ್ಲಿ ಸೆಕೆಂಡಿನವರೆಗೆ ಇರುತ್ತದೆ. ದೊಡ್ಡ ಲೈನ್ ಹೋಗಿದ್ದು, ನಲವತ್ತು ಸೆಕೆಂಡಿನ ನಂತರ ದುಬಲಗುಂಡಿ ಮೇಲಿನ ದಾರಿ ಹಿಡಿದಿದ್ದು, ಎರಡೂ ಅಲ್ಲಿದ್ದವು. ಅದರ ಕೆಳಗಿನ ಸಾಲು: ಹನ್ನೆರಡು ಹದಿನೈದಕ್ಕೆ ದುಬಲಗುಂಡಿ ರೂಟರಿನಿಂದ ಡಿಶ್ಶಿನ ವೈರು ಹೊರಗೆ.

"ವೈರ್ ತಾನೇ ಬೀಳೋದಿಲ್ಲ ಸಾಬ್. ಯಾರೋ ಕಿತ್ತಾರ" ಎಂದರು.

ನಾನು ನನ್ನ ಮೊಬೈಲ್ ತೆಗೆದು ಹಿಂದಿನ ದಿನದ ಕರೆಗಳನ್ನು ನೋಡಿದೆ. ಹನ್ನೆರಡು ಹದಿನಾಲ್ಕಕ್ಕೆ ಕಾಕಾರಿಗೆ ಫೋನ್ ಮಾಡಿದ್ದೆ. ಅಲ್ಲಿಯ ಲೈನ್ ಚಾಲೂ ಇದೆಯೇ ಎಂದು ಕೇಳಿ ಖಚಿತ ಮಾಡಿಕೊಳ್ಳುವುದಕ್ಕೆ. ಯಾವುದನ್ನೂ ಫೋನ್ ಮಾಡಿ ಖಚಿತ ಮಾಡಿಕೊಳ್ಳದೆ ಬಿಡಬಾರದೆಂಬುದು ಡೆಸ್ಕಿನ ರೂಢಿ. ನಾನು "ಕಾಕಾ, ಲೈನ್..." ಎನ್ನುವಷ್ಟರಲ್ಲಿ ಅವರು "ಆತು, ಆತು" ಎಂದು ಫೋನ್ ಇಟ್ಟಿದ್ದರು. ಚಾಲೂ ಇದೆ ಎಂದು ಹೇಳಿದರೆಂದು ತಿಳಿದು, ಪುಟ ನಿಂತಾಗ ಮತ್ತೆ ಅವರಿಗೆ ಫೋನ್ ಮಾಡಿರಲಿಲ್ಲ.

ಈಗ ಮತ್ತೆ ಫೋನ್ ಮಾಡಿದೆ. ಮೊದಲ ಮಾತೇ, "ಕಾಕಾ, ವೈರಿಗಿ ಕೈ ಹಚ್ಬ್ಯಾಡ್ರಿ, ಬರೇ ಮಾತಾಡಾಕತ್ತೀನಿ" ಎಂದೆ.

"ಹೇಳ್ರಿ."

"ನಿನ್ನೆ ವೈರ್ ಕಿತ್ತಿದ್ರೇನು?"

"ಕಿತ್ತೆ, ಮತ್ತ! ನಿಮ್ಮ ಫೋನ್ ಬಂತಂದ್ರ ವೈರ್ ಬದಲ್ಸೋದಲ್ಲೇನ್ರಿ ನನ್ನ ಕೆಲ್ಸ? ಎರಡ್ ವರ್ಷದಾಗ ನೀವು ಒಂದ್ ದಿನಾರ ಊಟಾ ಆತೇನು ಅಂತ ಕೇಳಾಕ ಫೋನ್ ಮಾಡೀರೇನು? ನಿಮ್ಮ ಡಬ್ಬಿಯಾಗಿತ್ತು, ನಮ್ಮ ಡಬ್ಬಿಗಿ ಹಾಕ್ದೆ."

"ಹೆಂಡ್ತಿ ಹೇಳ್ಲಿಲ್ಲೇನ್ರಿ, ಜಾಗಾ ಬದಲ್ ಮಾಡೀವಂತ?"

"ಹೇಳ್ಯಾಳ. ಜಾಗಾ ಬದಲಾಗ್ಯಾದ ಅಂದ್ಲು. ಕೆಲ್ಸ ಬದಲಾಗ್ಯಾದ ಅಂತ ಯಾರೂ ಹೇಳ್ಲಿಲ್ಲ."

ಸ್ಪೀಕರಿನಲ್ಲಿ ಕೇಳುತ್ತಿದ್ದ ನೆಟ್‌ವರ್ಕಿನವರು ತಲೆ ಮೇಲೆ ಕೈ ಇಟ್ಟುಕೊಂಡರು. "ಮಷೀನಿಗಿ ಸಿಖಾಯಿಸ್ದೆ, ಕಾಕಾಗ ಕಲಿಸ್ಲಿಲ್ಲ" ಎಂದರು.

ರೂಟರಿನ ದಾಖಲೆಯನ್ನೂ ನನ್ನ ಮೊಬೈಲಿನ ಕರೆಗಳ ಪಟ್ಟಿಯನ್ನೂ ಮುದ್ರಿಸಿಕೊಂಡು ಅಂದೇ ಹುಮನಾಬಾದಿಗೆ ಹೋದೆ. ಬಸ್ಸಿನಲ್ಲಿ ನಿಂತೇ ಹೋದೆ, ಸೀಟು ಇತ್ತು. ಮಾಲೀಕರು ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಓದಿದರು. ಲೈನ್ ಹೋದಾಗ ಪುಟ ತಾನೇ ಬೇರೆ ದಾರಿ ಹಿಡಿದಿತ್ತು, ಅದನ್ನು ತಪ್ಪಿಸಿದ್ದು ನನ್ನ ಫೋನ್, ಪುಟ ಕಟ್ಟುವವರದಾಗಲಿ ಕಾಕಾರದಾಗಲಿ ತಪ್ಪಿಲ್ಲ ಎಂದೆ.

"ಅಂದ್ರ ತಪ್ಪು ನಿಮ್ದು."

"ಹೌದ್ರಿ."

"ನಿಮ್ಮನ್ನ ಹುಮನಾಬಾದಿಗಿ ತಂದ್ರ ನಿಮ್ಮ ಫೋನೂ ಬರ್ತದ. ಅದ್ರಿಂದ ಏನ್ ಫಾಯ್ದಾ?" ಎಂದು ಪೇಪರ್ ವೇಟ್ ತಿರುಗಿಸಿದರು. ಆಮೇಲೆ, "ದಸರಾ ತನಕ ನೋಡ್ತೀನಿ" ಎಂದರು. ಟೆಂಪೋ ಬೇಡವೆಂದು ಮಾತ್ರ ನನ್ನೆದುರಿಗೆ ಯಾರಿಗೂ ಹೇಳಲಿಲ್ಲ. ಸೋಮವಾರ ಬೆಳಿಗ್ಗೆ ಅದು ಬರಲಿಲ್ಲ. ಭಾನುವಾರ ನಾನು ವಿಷಯ ತಿಳಿಸಿದ್ದೆ; ಪುಟ ಕಟ್ಟುವವರು ಒಂಬತ್ತಕ್ಕೆ ಬಂದರು. ಚೀಲದಲ್ಲಿದ್ದುದನ್ನು ಡ್ರಾವರಿಗೆ ಮರಳಿ ಇಡಲಿಲ್ಲ, ಚೀಲವನ್ನು ಕುರ್ಚಿಗೆ ತೂಗು ಹಾಕಿದರು.

ಸೆಪ್ಟೆಂಬರಿನ ಒಂದು ಮಂಗಳವಾರ ಹನ್ನೆರಡಕ್ಕೆ ಐದು ನಿಮಿಷ ಇರುವಾಗ ದೊಡ್ಡ ಲೈನ್ ಮತ್ತೆ ಹೋಯಿತು. ಆಗ ಪುಟ ಕಟ್ಟುವವರು ಕೂಸಿಗಾಗಿ ಮನೆಗೆ ಹೋಗಿದ್ದರು. ಎರಡನೇ ಪುಟ ದಾರಿಯಲ್ಲಿತ್ತು. ನಾನು ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟು, ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡು ಕುಳಿತೆ. ಪುಟ ನಿಂತಿತು, ಹೊರಟಿತು, ಮುಗಿಯಿತು. ಅವರು ಹದಿನೈದು ನಿಮಿಷಕ್ಕೆ ಮರಳಿ ಬಂದು ಮೂರು, ನಾಲ್ಕನೇ ಪುಟ ಕಳಿಸಿದರು. ಒಂದು ಗಂಟೆಗೆ ಫೋರ್‌ಮನ್‌ಗೆ ಫೋನ್ ಮಾಡಿದೆ.

"ನಾಕೂ ಮುಟ್ಯಾವ್ರಿ. ಯಾಕ, ಏನಾಗ್ಯಾದ?" ಎಂದರು.

ಕಟ್ಟುಗಳಿಗೆ ಎರಡು ಗಂಟೆಯ ಬಸ್ಸುಗಳು ಸಿಕ್ಕವು. ದಸರೆ ಕಳೆದಿದೆ. ಕಲ್ಯಾಣದ ಡೆಸ್ಕ್ ಸದ್ಯಕ್ಕೆ ಅಲ್ಲೇ ಇರಲಿ ಎಂದು ಮಾಲೀಕರು ಫೋನಿನಲ್ಲಿ ಹೇಳಿದ್ದಾರೆ. ಬರವಣಿಗೆಯಲ್ಲಿ ಇನ್ನೂ ಕೊಟ್ಟಿಲ್ಲ.