ಒಟ್ಟಿಗೆ ಸುತ್ತಿದ ರಾಜ ರಾಣಿ

ಮಣ್ಣಿನ ರಾಣಿ ಗೊಂಬೆಯ ಮೂಗುಬೊಟ್ಟು ಸಾಸಿವೆಕಾಳಿನಷ್ಟಿತ್ತು. ಅದಕ್ಕೆ ಕೆಂಪು ಬಣ್ಣ ಹಚ್ಚಿದ್ದು ಅಮ್ಮ. ಅಮ್ಮ ತೀರಿಕೊಂಡ ಮೇಲೆ ಅವಳ ದಸರಾ ಗೊಂಬೆಗಳು ಹ್ಯಾರೋ ಊರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದವು. ನಾನೂ ಅಲ್ಲೇ ಇದ್ದೆ. ಮದುವೆಯಾಗಿ ಎಡಿನ್‌ಬರೋಗೆ ಹೋದ ಅಕ್ಕ, ತನ್ನ ಮೊದಲ ದಸರೆಗೆ ರಾಜ ರಾಣಿಯನ್ನು ಕಳಿಸು ಎಂದಳು.

ಎರಡು ಪದರದ ಗಟ್ಟಿ ರಟ್ಟಿನ ಪೆಟ್ಟಿಗೆ, ಬಬಲ್ ರ‍್ಯಾಪ್, ಅಗಲವಾದ ಟೇಪ್ ಎಲ್ಲವನ್ನೂ ಗೊಂಬೆಗಳ ಅಳತೆ ನೋಡಿಕೊಂಡೇ ತಂದಿದ್ದೆ. ಒಂದೊಂದನ್ನೇ ಸುತ್ತಲು ಕೂತಾಗ ಚಿಕ್ಕಮ್ಮ ತಡೆದರು.

“ಗಂಡ ಹೆಂಡ್ತೀನ ಬೇರೆ ಬೇರೆ ಸುತ್ತಬಾರದು ಕಣೇ. ಹೊಸದಾಗಿ ಮದುವೆಯಾದವಳ ಮನೆಗೆ ಹೋಗ್ತಿರೋದು.”

“ತಾಗಿ ಒಡೆದುಹೋಗುತ್ತೆ ಚಿಕ್ಕಮ್ಮ. ನಡುವೆ ಒಂದು ರಟ್ಟಾದ್ರೂ ಇಡ್ತೀನಿ.”

“ನಡುವೆ ರಟ್ಟು ಇಟ್ಕೊಂಡು ಯಾರಾದ್ರೂ ಸಂಸಾರ ಮಾಡ್ತಾರಾ? ನಿನಗೂ ಮದುವೆಯಾಗ್ಲಿ, ಗೊತ್ತಾಗುತ್ತೆ.”

ಅವರೇ ಎರಡನ್ನೂ ಮುಖಕ್ಕೆ ಮುಖ ಜೋಡಿಸಿ ಒಂದೇ ಸುತ್ತಿನಲ್ಲಿ ಕಟ್ಟಿದರು. ತಪ್ಪೆಂದು ಗೊತ್ತಿದ್ದೂ ನಾನು ಟೇಪ್ ಹಚ್ಚಿದೆ.

ಪಾರ್ಸೆಲ್ ಕಳಿಸಿದ ನಾಲ್ಕನೇ ದಿನ ಅಕ್ಕ ಫೋನ್ ಮಾಡಿದಳು. “ಪೆಟ್ಟಿಗೆಗೆ ಒಂದು ಗೀರೂ ಆಗಿಲ್ಲ. ಒಳಗೆ ಎರಡರ ಮುಖವೂ ಪುಡಿಯಾಗಿದೆ. ಹೇಗೆ ಪ್ಯಾಕ್ ಮಾಡಿದೆ ನೀನು?”

ಸ್ಪೀಕರ್‌ನಲ್ಲಿ ಕೇಳಿಸಿಕೊಂಡ ಚಿಕ್ಕಮ್ಮ, “ಪ್ಯಾಕಿಂಗ್ ಸಾಮಾನೆಲ್ಲ ಅವಳೇ ಆರಿಸಿ ತಂದಿದ್ದಮ್ಮ,” ಎಂದು ಅಡುಗೆಮನೆಗೆ ನಡೆದರು. ಅದು ಸುಳ್ಳಲ್ಲ. ಅಕ್ಕ ಅಳುತ್ತಿದ್ದಳು. ಅಮ್ಮ ಹಚ್ಚಿದ ಬಣ್ಣ ಇನ್ನೊಮ್ಮೆ ಸಿಗುವುದಿಲ್ಲ. ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಅವರಿಗೆ ಎದುರು ಮಾತಾಡಬಾರದೆಂದು ಟೇಪ್ ಹಚ್ಚಿದವಳು ನಾನೇ.

ಮರುದಿನ ಬೆಳಿಗ್ಗೆ ಚಿಕ್ಕಮ್ಮ ಕಾಫಿ ಕುಡಿಯುತ್ತಿದ್ದಾಗ, ಅವರೆದುರೇ ಅಮ್ಮನ ಶೆಟ್ಟಿ ದಂಪತಿ ಗೊಂಬೆಗಳನ್ನು ತೆಗೆದು ಎರಡು ಬೇರೆ ಪೆಟ್ಟಿಗೆಗಳಲ್ಲಿ ಹಾಕಿ, ಎರಡು ಬೇರೆ ಪಾರ್ಸೆಲ್ ಮಾಡಿ ಅಕ್ಕನಿಗೆ ಕಳಿಸಿದೆ.