ಕರಟದಲ್ಲಿದ್ದ ಬದನೆ ಬೀಜ

ಜಯಮ್ಮ, ನಿಮ್ಮ ಮನೆಯ ಬದನೆ ಬೀಜ ಕೆಡಿಸಿದವನು ನಾನು. ನೀನಲ್ಲ. ನಿನ್ನ ಕೈ ತಾಕಿ ಅದು ಕೆಡಲಿಲ್ಲ. ನೀನು ಆ ದಿನ ಅಟ್ಟ ಹತ್ತುವುದಕ್ಕೆ ಎಷ್ಟೋ ತಿಂಗಳ ಮೊದಲೇ ಅದು ನನ್ನ ಮನೆಯ ಗಾಜಿನ ಬಾಟಲಿಯಲ್ಲಿ ಬೂಷ್ಟು ಹಿಡಿದು ಸತ್ತಿತ್ತು. ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಟ್ಟಿದ್ದೇನೆ. ಕೊನೆಗೆ ಇಟ್ಟುಕೊಂಡಿದ್ದರೆ, ಅಲ್ಲಿಗೆ ಬರುವಷ್ಟರಲ್ಲಿ ಇನ್ನೊಂದು ಸಬೂಬು ಹುಡುಕಿಕೊಂಡಿರುತ್ತಿದ್ದೆ. ನನ್ನನ್ನು ನಾನು ಬಲ್ಲೆ.

ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇರೆಯವರೂ ಕೇಳಬೇಕಾದ ವಿಷಯ ಇದು.

ಕುಲಾಂತರಿ ಬದನೆಯನ್ನು ನಮ್ಮ ಹೊಲಗಳಿಗೆ ಬಿಡಬೇಕೋ ಬೇಡವೋ ಎಂದು ಪತ್ರಿಕೆಗಳಲ್ಲೆಲ್ಲ ಜಗಳ ನಡೆಯುತ್ತಿದ್ದ ಕಾಲ. ಕಾಯಿ ಕೊರೆಯುವ ಹುಳ ಸಾಯುವಂತೆ ಬೇರೊಂದು ಜೀವಿಯ ಗುಣವನ್ನು ಬದನೆಯೊಳಗೆ ಸೇರಿಸಿದ್ದಾರೆ, ಔಷಧಿ ಹೊಡೆಯುವುದೇ ಬೇಡ ಎಂದು ಒಂದು ಕಡೆಯವರು. ಹುಳ ಸಾಯಿಸುವುದನ್ನು ಮನುಷ್ಯ ಹೇಗೆ ತಿನ್ನುವುದು, ಅದರ ಪರಾಗ ಬಂದು ನಾಟಿ ಬದನೆಯ ಕುಲ ಕೆಟ್ಟರೆ ಯಾರು ಹೊಣೆ ಎಂದು ಇನ್ನೊಂದು ಕಡೆಯವರು. ನಾನು ನಿಮ್ಮೂರ ಪಕ್ಕದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು, ಎರಡನೆಯ ಕಡೆಯವನು. ಈಗಲೂ ನನ್ನ ಅಭಿಪ್ರಾಯ ಹೆಚ್ಚು ಬದಲಾಗಿಲ್ಲ. ಆದರೆ ಅಭಿಪ್ರಾಯ ಸರಿ ಇದ್ದ ಮಾತ್ರಕ್ಕೆ ಅದನ್ನು ಹೇಳಿದವನೂ ಸರಿ ಇದ್ದ ಎಂದಲ್ಲ —

ತಿಪಟೂರಿನಲ್ಲಿ ಒಂದು ಸಭೆ ಇಟ್ಟುಕೊಂಡೆವು. ಎರಡೂ ಕಡೆಯವರು ಮಾತಾಡಬೇಕು, ರೈತರು ಕೇಳಬೇಕು. ನನಗೆ ಬರೀ ಮಾತಾಡಿದರೆ ಸಾಲದು, ಏನಾದರೂ ತೋರಿಸಬೇಕು ಎನ್ನಿಸಿತು. ನಿನ್ನ ಅತ್ತೆ ಕೆಂಚಮ್ಮಜ್ಜಿಯ ನೆನಪಾಯಿತು. ತೆಂಗಿನ ಸಾಲಿನ ಮಧ್ಯೆ ಅಜ್ಜಿ ಬೆಳೆಯುತ್ತಿದ್ದ ಹಸಿರು ಗೀರಿನ ಗುಂಡು ಬದನೆ, ತೊಟ್ಟಿನ ತುಂಬ ಮುಳ್ಳು. ಸುಟ್ಟು ಬಜ್ಜಿ ಮಾಡಿದರೆ ಮುದ್ದೆ ಇಳಿದದ್ದೇ ಗೊತ್ತಾಗುತ್ತಿರಲಿಲ್ಲ. ಅದರ ಬೀಜವನ್ನು ಬೂದಿಯಲ್ಲಿ ಕಲಸಿ, ತೆಂಗಿನ ಕರಟದೊಳಗೆ ತುಂಬಿ, ಬಾಯಿಗೆ ಸಗಣಿ ಮೆತ್ತಿ, ಒಲೆಯ ಹೊಗೆಯಾಡುವ ಕೊಬ್ಬರಿ ಅಟ್ಟದ ಮೂಲೆಯಲ್ಲಿ ಇಡುತ್ತಿದ್ದರು. ಸುತ್ತಲಿನ ಹಳ್ಳಿಯವರೆಲ್ಲ ಬದನೆ ಪೈರಿಗೆ ನಿಮ್ಮ ಜಗಲಿಗೇ ಬರಬೇಕು. ಅತ್ತೆ ಕೈಯಿಂದ ಸೊಸೆ ಕೈಗೆ ಆ ಕರಟ ಹೋಗುವುದು ನಿಮ್ಮ ಮನೆಯ ಪದ್ಧತಿ. ಅದು ಕೈಗೆ ಬಂದ ದಿನ ಸೊಸೆ ಆ ಮನೆಯ ಯಜಮಾನಿಯಾದಂತೆ.

"ಅರ್ಧ ತಗಂಡೋಗಿ ಮೇಷ್ಟ್ರೇ, ಅರ್ಧ ಇಲ್ಲೇ ಇರ್ಲಿ" ಎಂದರು ಅಜ್ಜಿ. ನಾನು ಕೇಳಲಿಲ್ಲ. ಅರ್ಧ ತಂದರೆ ಬಾಟಲಿ ತುಂಬುವುದಿಲ್ಲ, ಹಿಂದೆ ಕೂತವರಿಗೆ ಕಾಣುವುದಿಲ್ಲ! ಇದೇ ಕಾರಣ, ಬೇರೆ ಏನೂ ಅಲ್ಲ. ಕರಟ ಪೂರ್ತಿ ತಂದೆ. ಬೂದಿ ಮೆತ್ತಿದ ಬೀಜ ನೋಡಲು ಚೆನ್ನಾಗಿಲ್ಲವೆಂದು ತೊಳೆದೆ. ಅರ್ಧ ದಿನ ಆರಿಸಿ, ಹೊಳೆಯುವ ಗಾಜಿನ ಬಾಟಲಿಗೆ ಸುರಿದು, ಬಿರಡೆ ಬಿಗಿದೆ. ಬೂದಿಯೂ ಹೊಗೆಯೂ ಬೀಜವನ್ನು ಏಕೆ ಕಾಯುತ್ತವೆ ಎಂದು ಪಾಠ ಮಾಡಿದವನು ನಾನೇ.

ಸಭೆಗೆ ಎರಡು ದಿನವಿದ್ದಾಗ ನೋಡಿದರೆ ಬಾಟಲಿಯೊಳಗೆ ಬೆಳ್ಳನೆಯ ಬೂಷ್ಟು. ಮುಚ್ಚಳ ತೆಗೆದರೆ ವಾಸನೆ. ಹಿಂದಿನ ವಾರ ಸುಮ್ಮನೆ ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟಿದ್ದೆ, ಅದನ್ನು ಬಿಚ್ಚಿದೆ. ಒಂದೂ ಮೊಳೆತಿರಲಿಲ್ಲ.

ಆ ಗಳಿಗೆಯಲ್ಲಿ ನಿಮ್ಮ ಮನೆಗೆ ಬಂದು ತಪ್ಪಾಯಿತು ಎಂದಿದ್ದರೆ ಅಜ್ಜಿ ಬೈಯುತ್ತಿದ್ದರು, ಅಷ್ಟೆ. ಹಿಂದಿನ ವರ್ಷ ಪೈರು ಒಯ್ದವರ ಹಿತ್ತಲಲ್ಲಿ ಎಲ್ಲಾದರೂ ಒಂದು ಹಣ್ಣುಗಾಯಿ ಸಿಗುತ್ತಿತ್ತು. ಅದರಿಂದ ಮತ್ತೆ ಬೀಜವಾಗುತ್ತಿತ್ತು. ನಾನು ಬಸ್ಸು ಹತ್ತಿ ಪೇಟೆಯ ಬೀಜದ ಅಂಗಡಿಗೆ ಹೋದೆ. ಹಸಿರು ಗೀರಿನ ಗುಂಡು ಬದನೆಯ ಹೈಬ್ರಿಡ್ ಪ್ಯಾಕೆಟ್ಟುಗಳನ್ನು ತಂದೆ. ಅಂಗಡಿ ಬೀಜಕ್ಕೆ ಗುಲಾಬಿ ಬಣ್ಣದ ಔಷಧಿ ಸವರಿರುತ್ತಾರೆ. ಮೂರು ಸಲ ತೊಳೆದು, ಒಲೆಯ ಬೂದಿಯಲ್ಲಿ ಉಜ್ಜಿ, ಆ ಬಾಟಲಿಗೆ ತುಂಬಿದೆ. ಬೀಜದ ಬಣ್ಣ ಹೋಯಿತು, ನನ್ನ ಅಂಗೈಯದು ಹೋಗಲಿಲ್ಲ. ಸಭೆಯ ದಿನವೂ ಗೆರೆಗಳಲ್ಲಿ ಗುಲಾಬಿ ಉಳಿದಿತ್ತು. ಎಡಗೈಯಲ್ಲಿ ಮೈಕು ಹಿಡಿದು, ಬಲಗೈಯನ್ನು ಮುಷ್ಟಿ ಕಟ್ಟಿಕೊಂಡೇ ಮಾತಾಡಿದೆ.

ಎದುರು ಪಕ್ಷದ ವಿಜ್ಞಾನಿ ಚಿಕ್ಕ ವಯಸ್ಸಿನವರು, ಸಭ್ಯರು. "ನಮ್ಮ ಬೀಜದೊಳಗೆ ಏನಿದೆ ಅಂತ ನಾವು ಪರೀಕ್ಷೆ ಮಾಡಿ ನೋಡಿದ್ದೀವಿ ಸಾರ್. ನಿಮ್ಮ ಬೀಜದೊಳಗೆ ಏನಿದೆ ಅಂತ ನೀವು ನೋಡಿದ್ದೀರಾ?" ಎಂದು ಕೇಳಿದರು. ನಾನು ಬಾಟಲಿ ಎತ್ತಿ ಹಿಡಿದೆ. "ಇದಕ್ಕೆ ಪರೀಕ್ಷೆ ಬೇಕಿಲ್ಲ. ಮುಂದೆ ಕೂತಿರೋ ಕೆಂಚಮ್ಮಜ್ಜೀನೇ ಸಾಕ್ಷಿ" ಎಂದೆ. ಚಪ್ಪಾಳೆ ಬಿತ್ತು. ಅಜ್ಜಿ ಎದ್ದು ನಿಂತು ಕೈ ಮುಗಿದರು. ನನಗೆ ಆಗ ನಾಚಿಕೆಯಾಗಲಿಲ್ಲ ಜಯಮ್ಮ, ಖುಷಿಯಾಯಿತು. ಅದನ್ನೂ ಮುಚ್ಚಿಡುವುದಿಲ್ಲ.

ಸಭೆ ಮುಗಿದ ಮೇಲೆ ಆ ಅಂಗಡಿ ಬೀಜವನ್ನೇ ಕರಟಕ್ಕೆ ತುಂಬಿ ಅಜ್ಜಿಗೆ ವಾಪಸು ಕೊಟ್ಟೆ. ಆ ವರ್ಷ ಬಂದ ಕಾಯಿಗಳು ನುಣ್ಣಗಿದ್ದವು, ಎಲ್ಲ ಒಂದೇ ಗಾತ್ರ, ತೊಟ್ಟಿನಲ್ಲಿ ಮುಳ್ಳಿಲ್ಲ. "ಯಾಕೋ ರುಚಿ ಸಪ್ಪೆ ಕಣಪ್ಪ" ಎಂದರು ಅಜ್ಜಿ. ಮಳೆ ಹೆಚ್ಚಾಯಿತು ಎಂದೆ. ಆ ಕಾಯಿಗಳಿಂದಲೇ ಅಜ್ಜಿ ಬೀಜ ತೆಗೆದು ಕರಟಕ್ಕೆ ತುಂಬಿದರು. ಮುಂದಿನ ವರ್ಷ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಹೈಬ್ರಿಡ್ ಬೀಜವನ್ನು ಉಳಿಸಿ ಬಿತ್ತಿದರೆ ಸಂತಾನ ಚೆಲ್ಲಾಪಿಲ್ಲಿಯಾಗುತ್ತದೆ. ಬಟಾಣಿ ಗಿಡದ ಚಿತ್ರ ಬರೆದು ಪ್ರತಿ ವರ್ಷ ಇದನ್ನೇ ಕಲಿಸುತ್ತಿದ್ದೆ.

ಹಾಗೆಯೇ ಆಯಿತು. ಒಂದು ಗಿಡದಲ್ಲಿ ಉದ್ದ, ಒಂದರಲ್ಲಿ ಗುಂಡು, ಒಂದು ನೇರಳೆ, ಒಂದು ಬಿಳಿಚು. ಪೈರು ಒಯ್ದವರೆಲ್ಲ ಕಾಯಿ ಹಿಡಿದುಕೊಂಡು ನಿಮ್ಮ ಜಗಲಿಗೆ ಬಂದರು. ನಾನೂ ಅಲ್ಲಿದ್ದೆ. ಹೋದ ಸಲ ಕೊಬ್ಬರಿ ಇಳಿಸುವಾಗ ನೀನು ಮುಟ್ಟಾಗಿದ್ದೂ ಅಟ್ಟ ಹತ್ತಿದ್ದೆ ಎಂಬುದು ಅಜ್ಜಿಗೆ ನೆನಪಾಯಿತು. ಮುಟ್ಟಿನ ದಿನ ಬೀಜದ ಹತ್ತಿರ ಹೋಗಬಾರದು ಎಂಬುದು ನಿಮ್ಮಲ್ಲಿ ಕಟ್ಟುನಿಟ್ಟು.

"ಕರಟ ಮುಟ್ಲಿಲ್ಲ ಕಣತ್ತೆ, ಕೊಬ್ರಿ ಅಷ್ಟೇ ತೆಗ್ದಿದ್ದು" ಎಂದೆ ನೀನು. ಅಜ್ಜಿ ನಿನ್ನ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿದರು.

"ಮುಟ್ಟಾದೋರು ಹತ್ರ ಹೋದ್ರೆ ಬೀಜ ಹಿಂಗೆ ಕುಲಗೆಡ್ತದಾ ಮೇಷ್ಟ್ರೇ? ಓದ್ದೋರು ನೀವು, ನೀವೇ ಹೇಳಿ."

ಇಲ್ಲ ಎನ್ನಬೇಕಿತ್ತು. ನಿಜ ಒಪ್ಪಿಕೊಳ್ಳುವ ಧೈರ್ಯ ಇಲ್ಲದಿದ್ದರೂ, ಬರೀ ಇಲ್ಲ ಎಂದಿದ್ದರೆ ಸಾಕಿತ್ತು. ಆದರೆ ಇಲ್ಲ ಎಂದರೆ, ಮತ್ತೆ ಹೇಗೆ ಕೆಟ್ಟಿತು ಎಂಬ ಪ್ರಶ್ನೆ ಬರುತ್ತದೆ —

"ಆಗಿದ್ರೂ ಆಗಿರಬೌದು ಅಜ್ಜಿ" ಎಂದೆ.

ವಿಜ್ಞಾನದ ಮೇಷ್ಟ್ರು ಹೇಳಿದ ಮೇಲೆ ಮುಗಿಯಿತು. ನೀನು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದೆ. ಜನ ಎದ್ದು ಹೋದರು. ನಾನು ಕಾಫಿ ಕುಡಿದು ಹೊರಟೆ, ಆ ಕಾಫಿ ತಂದುಕೊಟ್ಟವಳೂ ನೀನೇ.

ಅಂದಿನಿಂದ ನಿಮ್ಮ ಜಗಲಿಗೆ ಪೈರಿಗೆ ಬರುವವರು ನಿಂತರು. ಬೀಜ ಕೆಡಿಸಿದೋಳು ಎಂದು ಊರು ನಿನಗೆ ಹೆಸರಿಟ್ಟಿತು. ಕೆಂಚಮ್ಮಜ್ಜಿ ತೀರಿಕೊಳ್ಳುವವರೆಗೂ ನಿನ್ನ ಕೈಗೆ ಕರಟ ಕೊಡಲಿಲ್ಲ. ಸಾವಿನ ಮನೆಗೆ ಬಂದಾಗ ಹೇಳೋಣ ಎಂದುಕೊಂಡೆ. ಆಮೇಲೆ ನಿವೃತ್ತಿಯ ದಿನ ಹೇಳೋಣ ಎಂದುಕೊಂಡೆ. ಹೀಗೆ ವರ್ಷಗಳು ಹೋದವು. ನೀನು ಮರೆತಿರಬಹುದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಹೋದ ತಿಂಗಳು ನಿಮ್ಮ ಮನೆಗೆ ಬಂದಿದ್ದೆನಲ್ಲ. ನನಗೆ ನಾಲ್ಕು ಕೊಬ್ಬರಿ ಕೊಡಬೇಕೆಂದು ನಿನ್ನ ಸೊಸೆ ಅಟ್ಟಕ್ಕೆ ಏಣಿ ಇಟ್ಟಳು. ಎರಡು ಮೆಟ್ಟಿಲು ಹತ್ತಿದ್ದಳೋ ಇಲ್ಲವೋ, ನೀನು ಅಡಿಗೆಮನೆಯಿಂದ ಓಡಿ ಬಂದೆ.

"ಇವತ್ತು ನೀ ಹತ್ತಬ್ಯಾಡ ಇಳಿಯೇ. ನಾನು ಕೆಡ್ಸಿದ್ದೇ ಸಾಕು."

ಹುಡುಗಿ ತಲೆ ತಗ್ಗಿಸಿ ಇಳಿದಳು. ಆ ಅಟ್ಟದ ಮೇಲೆ ಈಗ ಬೀಜವೇ ಇಲ್ಲ, ಖಾಲಿ ಕರಟ ಇದೆ. ಊರು ಹೇಳಿದ್ದನ್ನು ನೀನು ಸಹಿಸಿಕೊಂಡಿದ್ದೀಯೆ ಎಂದುಕೊಂಡಿದ್ದೆ, ನಂಬಿದ್ದೀಯೆ ಎಂದು ನನಗೆ ಹೊಳೆದಿರಲಿಲ್ಲ. ಅವತ್ತು ನೀನು ಕೊಟ್ಟ ಕೊಬ್ಬರಿಯನ್ನು ನಾನು ಒಡೆದಿಲ್ಲ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಭಾನುವಾರ ನಾನೇ ಬರುತ್ತೇನೆ. ಅವತ್ತು ಕಾಯಿ ಹಿಡಿದು ಬಂದವರಲ್ಲಿ ಉಳಿದವರಿಗೆಲ್ಲ ಹೇಳಿ ಕಳಿಸಿದ್ದೇನೆ. ಅದೇ ಜಗಲಿಯ ಮೇಲೆ ನಿಂತು, ಮೊದಲ ಸಾಲಿನಿಂದ ಓದುತ್ತೇನೆ. ನೀನು ಬೈಯಬಹುದು, ಬಾಗಿಲು ಹಾಕಿಕೊಳ್ಳಬಹುದು. ಕ್ಷಮಿಸು ಎಂದು ಕೇಳಲು ಬರುತ್ತಿಲ್ಲ. ನಿನ್ನ ಸೊಸೆಯನ್ನು ಮಾತ್ರ ಹೊರಗೆ ಕೂರಿಸು, ಅವಳಿಗೆ ಕೇಳಿಸಬೇಕು.